ರೋವೀನಾಳ ಕಾಲಡಿಯ ಕಾರ್ಪೆಟ್ ತುಂಡು

ಆರ್ಡಿಸ್ ಪೆಲ್ಕಿ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಅದು ಅವಳ ತಪ್ಪೂ ಅಲ್ಲ ಬಿಡಿ. ಇಪ್ಪತ್ತೆರಡು ವರ್ಷ ವೆಸ್ಟ್ ಹಾರ್ಲೋ ಊರಿನವರು ಕಸ ತಂದೊಪ್ಪಿಸುವ ಕಸದಂಗಳದ ಗೇಟಿನಲ್ಲಿ ನಿಂತವಳು ಯಾರನ್ನು ತಾನೇ ನಂಬಿಯಾಳು? ಟೀವಿ ಎಸೆಯಲು ಕೊಡಬೇಕಾದ ಹಣ ಉಳಿಸಲು ಚರ್ಚಿನ ಪಾದ್ರಿ ತರಗೆಲೆಯ ಮೂಟೆಯೊಳಗೆ ಹಳೇ ಟೀವಿ ಬಚ್ಚಿಟ್ಟು ತಂದಾಗ ಹಿಡಿದವಳು ಅವಳು. ಕುಡಿತ ಬಿಟ್ಟೆ ಎಂದು ಊರೆಲ್ಲ ಸಾರಿಕೊಂಡು ಬಂದವನ ಚೀಲವನ್ನು ಒಮ್ಮೆ ಎತ್ತಿದರೆ ಸಾಕು, ಒಳಗೆಷ್ಟು ಬಾಟಲಿಗಳಿವೆ ಎಂದು ಅವಳ ಕೈಗೇ ತಿಳಿಯುತ್ತಿತ್ತು. ಜನ ಬಾಯಲ್ಲಿ ಏನೇ ಹೇಳಲಿ, ಅವರ ಕಸ ಮಾತ್ರ ಸುಳ್ಳಾಡುವುದಿಲ್ಲ ಎಂದು ಅವಳು ತಿಳಿದಿದ್ದಳು. ಬುಧವಾರ ಮತ್ತು ಶನಿವಾರ ಬೆಳಗ್ಗೆ ಎಂಟಕ್ಕೆ ಗೇಟು ತೆರೆದು, ಕಸ ಅದುಮುವ ಯಂತ್ರದ ಗುಂಡಿ ಒತ್ತಿ, ಮಧ್ಯಾಹ್ನದವರೆಗೂ ಅದರ ಗರಗರ ಸದ್ದಿನ ಪಕ್ಕದಲ್ಲೇ ನಿಂತು ಊರಿನವರ ಚೀಲಗಳನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು.

ಅವತ್ತು ಏಪ್ರಿಲ್ ತಿಂಗಳ ಮೊದಲ ಶನಿವಾರ. ಹಿಮ ಕರಗಿ ರಸ್ತೆಗಳೆಲ್ಲ ಕೆಸರಿನ ಗುಂಡಿಗಳಾಗಿದ್ದವು. ರೋವೀನಾ ಹಾಡ್ಜ್ ತನ್ನ ಹಳೇ ನೀಲಿ ಕಾರಿನಲ್ಲಿ ಬಂದು, ಕುಂಟುತ್ತ ಇಳಿದು, ರಟ್ಟಿನ ಡಬ್ಬದಲ್ಲಿದ್ದ ಕಾಗದವನ್ನೆಲ್ಲ ಕಾಗದದ ತೊಟ್ಟಿಗೆ ಸುರಿದಳು. ದೂರದಿಂದಲೇ ಕೈಬೀಸಿ ಹೊರಟೇಬಿಟ್ಟಳು. ನಲವತ್ತು ವರ್ಷಗಳ ಗೆಳೆತನ. ಶನಿವಾರ ಬೆಳಗ್ಗೆ ಬಂದರೆ ಅರ್ಧ ಗಂಟೆ ಹರಟೆ ಹೊಡೆಯದೆ ಹೋದವಳೇ ಅಲ್ಲ. ಕಾರು ತಿರುವು ದಾಟುವವರೆಗೂ ಆರ್ಡಿಸ್ ಕಾದಳು. ಆಮೇಲೆ ತೊಟ್ಟಿಯೊಳಗೆ ತಲೆ ಹಾಕಿದಳು.

ಸಿಕ್ಕಿದ್ದು ಒಂದೇ ಒಂದು ಮುದುರಿದ ಹಾಳೆ. ರೋವೀನಾಳ ದುಂಡು ಅಕ್ಷರ. ಮೇಲುಗಡೆ “ಆರ್ಡಿಸ್, ಮಾರ್ಚ್” ಎಂದಿತ್ತು. ಕೆಳಗೆ: ಒಂದನೇ ಕುಣಿತ, ಸರಿ. ಎರಡನೇದು, ತಡ. ನಾಲ್ಕನೇದು, ಗಿರಕಿಗೆ ಮುಂಚೆ ತುಂಬಾ ತಡ. ಆರನೇದು, ಎರಡು ಸಲ ತಡ. ಹಾಳೆಯ ತುದಿಯಲ್ಲಿ “ಬ್ರೈಡಿ” ಎಂದು ಬರೆದು, ಪಕ್ಕದಲ್ಲಿ ಒಂದು ಫೋನ್ ನಂಬರು, ಅದರ ಸುತ್ತ ಪೆನ್ನಿನಿಂದ ಎರಡು ಸುತ್ತು.

ಆರ್ಡಿಸ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ತುರುಕಿದಳು. ವರ್ಷದಿಂದ ಅವಳು ಅನುಮಾನಪಟ್ಟಿದ್ದಕ್ಕೆಲ್ಲ ಈಗ ಸಾಕ್ಷಿ ಸಿಕ್ಕಿತ್ತು.

ಊರಿನ ಸಭಾಭವನದ ಮಹಡಿಯಲ್ಲಿ ತಿಂಗಳ ಮೊದಲ ಶನಿವಾರ ಸಂಜೆ ಕಾಂಟ್ರಾ ಕುಣಿತ ನಡೆಯುತ್ತದೆ. ಮೂವತ್ತೊಂದು ವರ್ಷದಿಂದ ಅಲ್ಲಿ ಕರೆ ಹೇಳುವವಳು, ಎಂದರೆ ಮುಂದಿನ ಹೆಜ್ಜೆಯನ್ನು ಕೂಗಿ ಹೇಳುವವಳು, ಆರ್ಡಿಸ್. ಮೊದಲು ಅವಳ ಗಂಡ ನಾರಿಸ್‌ನ ಚಿಕ್ಕಪ್ಪ ಹೇಳುತ್ತಿದ್ದ. ಒಂದು ಚಳಿಗಾಲ ಅವನ ಗಂಟಲು ಕಟ್ಟಿ, ಮತ್ತೆ ಬಿಡಲೇ ಇಲ್ಲ. ಅಡುಗೆ ಚೀಟಿಗಳನ್ನಿಡುವ ತಗಡಿನ ಪೆಟ್ಟಿಗೆಯಲ್ಲಿ ತಾನು ಜೋಡಿಸಿಟ್ಟ ಕುಣಿತಗಳ ಚೀಟಿಗಳನ್ನೆಲ್ಲ ಅವನು ಅವಳ ಮಡಿಲಿಗೆ ಹಾಕಿದ್ದ. ಅವಳಿಗೂ ನಾರಿಸ್‌ಗೂ ಪರಿಚಯವಾದದ್ದೇ ಆ ಕುಣಿತದ ಸಾಲಿನಲ್ಲಿ. ಕಾಂಟ್ರಾದಲ್ಲಿ ಜೋಡಿಗಳು ಉದ್ದಕ್ಕೆ ಎದುರುಬದುರು ನಿಲ್ಲುತ್ತಾರೆ. ಒಂದು ಸುತ್ತು ಮುಗಿದರೆ ಪ್ರತಿ ಜೋಡಿ ಒಂದು ಜಾಗ ಸರಿದು ಮುಂದಿನ ಜೋಡಿಯನ್ನು ಎದುರುಗೊಳ್ಳುತ್ತದೆ. ಹೀಗೆ ಸಂಜೆ ಮುಗಿಯುವಷ್ಟರಲ್ಲಿ ಊರಿನ ಪ್ರತಿಯೊಬ್ಬರ ಕೈಯನ್ನೂ ಹಿಡಿದಾಗಿರುತ್ತದೆ, ಜಗಳವಾಡಿದವರದ್ದೂ ಸೇರಿಸಿ. ನಾರಿಸ್ ಹೋಗಿ ಒಂಬತ್ತು ವರ್ಷವಾಯಿತು. ಮಕ್ಕಳಿಲ್ಲ. ಅವಳಿಗೆ ಉಳಿದದ್ದು ಕಸದಂಗಳ, ತಗಡಿನ ಪೆಟ್ಟಿಗೆ, ಮೊದಲ ಶನಿವಾರ. ಇವುಗಳಲ್ಲಿ ಯಾವುದು ಹೋದರೆ ಬದುಕು ಬರಿದಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ ಅವಳು ಉತ್ತರಕ್ಕೆ ತಡಕಾಡುತ್ತಿರಲಿಲ್ಲ.

ಕರೆ ಹೇಳುವುದೆಂದರೆ ಬರೀ ಕೂಗುವುದಲ್ಲ. ಪಿಟೀಲು ಎಂಟು ಹೆಜ್ಜೆಯಷ್ಟು ರಾಗ ನುಡಿಸಿ ಮುಗಿಸುವ ಮುಂಚೆಯೇ ಮುಂದಿನ ಎಂಟು ಹೆಜ್ಜೆಯಲ್ಲಿ ಏನು ಮಾಡಬೇಕೆನ್ನುವುದು ಕುಣಿಯುವವರ ಕಿವಿಗೆ ಬಿದ್ದಿರಬೇಕು. ಅರ್ಧ ಉಸಿರಿನಷ್ಟು ತಡವಾದರೆ ಅರವತ್ತು ಜನ ಒಬ್ಬರ ಕಾಲನ್ನೊಬ್ಬರು ತುಳಿಯುತ್ತಾರೆ. ಅಡುಗೆಯವಳಿಗೆ ನಿನ್ನ ಸಾರು ಹಳಸಿದೆ ಎನ್ನುವುದೂ ಒಂದೇ, ಕರೆ ಹೇಳುವವಳಿಗೆ ತಡ ಎನ್ನುವುದೂ ಒಂದೇ. ಅದನ್ನು ಮುಖಕ್ಕೆ ಹೇಳದೆ, ಬೆನ್ನ ಹಿಂದೆ ಪಟ್ಟಿ ಮಾಡಿ ಇಟ್ಟುಕೊಂಡಿದ್ದಳು ರೋವೀನಾ, ಇಪ್ಪತ್ತಾರು ವರ್ಷದಿಂದ ಅದೇ ವೇದಿಕೆಯ ಮೇಲೆ ಪಿಯಾನೊ ನುಡಿಸಿಕೊಂಡು ಬಂದವಳು!

ಕಸದಂಗಳ ಮುಚ್ಚಿ ಮನೆಗೆ ಬಂದು, ಪ್ರತಿ ಶನಿವಾರದಂತೆ ಬೆಲ್ಲ ಹಾಕಿ ಬೇಯಿಸಿದ ಹುರುಳಿಕಾಯಿ ಬೀಜವನ್ನು ಪಾತ್ರೆಯಿಂದಲೇ ತಿನ್ನುತ್ತ ಆರ್ಡಿಸ್ ಒಂದೊಂದನ್ನೇ ಜೋಡಿಸಿ ನೋಡಿದಳು.

ಮೊದಲನೆಯದು, ಲೂಶಿಯನ್ ಗೂಡ್ರೋನ ಪಿಟೀಲು. ಶಾಲೆ ಬಸ್ಸುಗಳನ್ನು ರಿಪೇರಿ ಮಾಡುವ ಈ ದಪ್ಪ ಮನುಷ್ಯ ಹಿಂದೆಲ್ಲ ಗೋಡೆ ಅದುರುವ ಹಾಗೆ ಕಮಾನು ಎಳೆಯುತ್ತಿದ್ದ. ಹೋದ ವರ್ಷದಿಂದ ಬೇಕೆಂದೇ ಮೆಲ್ಲಗೆ ನುಡಿಸುತ್ತಾನೆ. ಕೇಳಿದರೆ “ಅಯ್ಯೋ, ಜೋರಾಗೇ ನುಡಿಸ್ತಿದೀನಲ್ಲೇ” ಎಂದು ಹಲ್ಲು ಬಿಡುತ್ತಾನೆ. ಅದು ಸಾಲದೆಂದು ರಾಗದ ಪ್ರತಿ ತಿರುವಿನಲ್ಲೂ ಬಲಭುಜವನ್ನು ಎತ್ತಿ ಕುಲುಕಿಸುತ್ತಾನೆ. ಅರವತ್ತು ದಾಟಿದವನಿಗೆ ಇದೆಂಥ ಬೆಡಗು? ಎರಡನೆಯದು ರೋವೀನಾ. ಎಡಗೈಯಲ್ಲಿ ಸೌದೆ ಒಡೆಯುವ ಹಾಗೆ ಪಿಯಾನೊ ಕುಟ್ಟುತ್ತಾಳೆ, ಬಲಗಾಲಿನ ಹಿಮ್ಮಡಿಯಿಂದ ಹಲಗೆಯನ್ನು ಧಡ್ ಧಡ್ ಎಂದು ತುಳಿಯುತ್ತಾಳೆ. ಮಾತಾಡುವಾಗ ಮುಖದ ಹತ್ತಿರ ಮುಖ ತಂದು, ದುರುಗುಟ್ಟಿಕೊಂಡು ನೋಡುತ್ತಾಳೆ. ಚಳಿಗಾಲದಿಂದ ಕುಂಟುತ್ತಿರುವುದು ಕುರ್ಚಿ ಹೊರುವ ಕೆಲಸ ತಪ್ಪಿಸಿಕೊಳ್ಳಲಿಕ್ಕೆ. ಮೂರನೆಯದು ಎಲ್ವಿನ್ ಸ್ಟಿಕ್ನಿ ಮತ್ತವನ ಹೆಂಡತಿ. ಪ್ರತಿ ಕುಣಿತಕ್ಕೂ ಓಡಿ ಬಂದು ನಡು ಸಾಲಿನ ತಲೆಯಲ್ಲಿ, ವೇದಿಕೆಯ ಬುಡದಲ್ಲೇ ನಿಲ್ಲುತ್ತಾರೆ. ಅವಳು ಕರೆ ಹೇಳುವ ಮುಂಚೆಯೇ ಹೆಜ್ಜೆ ಹಾಕಿಬಿಡುತ್ತಾರೆ, ನೀನಿಲ್ಲದೆಯೂ ನಡೆಯುತ್ತದೆ ಎಂದು ತೋರಿಸುವವರ ಹಾಗೆ. ಇನ್ನು ಜನರಂತೂ ಅವಳು ಹತ್ತಿರ ಹೋದರೆ ಸಾಕು, ಪಿಸುಪಿಸು ಮಾತಿಗೆ ಇಳಿಯುತ್ತಾರೆ.

ಇವರೆಲ್ಲರ ನಡುವೆ, ಜನವರಿಯಿಂದ, ಬ್ರಾಟಲ್‌ಬರೊ ಪಟ್ಟಣದಿಂದ ಮುಕ್ಕಾಲು ಗಂಟೆ ಕಾರು ಓಡಿಸಿಕೊಂಡು ಬರುವ ಬ್ರೈಡಿ ಎಂಬ ಹುಡುಗಿ. ಹುಡುಗಿಯೆಂದರೆ ಮೂವತ್ತರವಳು. ಎರಡು ಊರುಗಳಲ್ಲಿ ಕರೆ ಹೇಳುತ್ತಾಳಂತೆ. ಇಲ್ಲಿ ಬಂದು ಸುಮ್ಮನೆ ಕುಣಿದು ಹೋಗುತ್ತಾಳೆ, ಯಾವಾಗಲೂ ನಗುನಗುತ್ತಾ. ಕೆಲಸವಿಲ್ಲದೆ ಅಷ್ಟು ದೂರದಿಂದ ನಗಲಿಕ್ಕೆ ಯಾರು ಬರುತ್ತಾರೆ? ಇವಳ ಕಣ್ಣಿರುವುದು ಆರ್ಡಿಸ್‌ಳ ಜಾಗದ ಮೇಲೆ.

ಆರ್ಡಿಸ್ ಪಾತ್ರೆ ಸರಿಸಿ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಎರಡು ಅಂಗಿಯ ಗುಂಡಿಗಳನ್ನು ಎದುರುಬದುರು ಇಟ್ಟಳು. ಅವನ್ನು ಆಚೀಚೆ ಸರಿಸುತ್ತ ಹೊಸದೊಂದು ಕುಣಿತ ಕಟ್ಟಿದಳು. ಸುಲಭದ್ದಲ್ಲ. ಗಿರಕಿ ಮುಗಿದ ಮೇಲೆ ಎಲ್ಲರೂ ಎರಡು ಜೋಡಿ ಸೇರಿದ ತಮ್ಮ ನಾಲ್ವರ ಗುಂಪನ್ನು ಬಿಟ್ಟು, ಓರೆಯಾಗಿ ಎಡಕ್ಕೆ ಹೋಗಿ ಬೇರೆ ನಾಲ್ವರ ಕೈ ಹಿಡಿದು, ತಿರುಗಿ ಸ್ವಸ್ಥಾನಕ್ಕೆ ಬರಬೇಕು. ಹೆಸರು “ಬೇಲಿ ಹಾರಿದ ಹಸು”. ಸಾಮಾನ್ಯವಾಗಿ ಚೀಟಿಯನ್ನು ಮೊದಲೇ ವಾದ್ಯದವರಿಗೆ ತೋರಿಸಬೇಕು, ಯಾವ ರಾಗ ಹೊಂದುತ್ತದೆ ಎಂದು ಅವರು ನೋಡಿಕೊಳ್ಳಲಿಕ್ಕೆ. ಇದನ್ನು ಅವಳು ಯಾರಿಗೂ ತೋರಿಸುವುದಿಲ್ಲ. ಎಲ್ವಿನ್‌ನನ್ನು ಸಾಲಿನ ಬಾಲಕ್ಕೆ ಕಳಿಸುತ್ತಾಳೆ. ರೋವೀನಾಳ ಧಡ್ ಧಡ್ ನಿಲ್ಲಿಸುತ್ತಾಳೆ. ಆಗ, ಇವರ ಕಿತಾಪತಿ ಯಾವುದೂ ನಡೆಯದ ಹೊತ್ತಿನಲ್ಲಿ, ತಡ ಮಾಡುವವರು ಯಾರೆಂದು ಊರೇ ನೋಡಲಿ. ಕಸದಂಗಳದಲ್ಲಿ ಯಾರೋ ಬಿಟ್ಟುಹೋದ ಹಸಿರು ಕಾರ್ಪೆಟ್ಟಿನ ದಪ್ಪ ತುಂಡೊಂದು ಅವಳ ಟ್ರಕ್ಕಿನಲ್ಲಿತ್ತು. ಅದನ್ನು ಚೆನ್ನಾಗಿ ಕೊಡವಿಟ್ಟಳು.

ಸಂಜೆ ಏಳಕ್ಕೆ ಸಭಾಭವನದ ಬಾಗಿಲಲ್ಲಿ ಕೆಸರು ಮೆತ್ತಿದ ಬೂಟುಗಳ ರಾಶಿ ಬಿದ್ದಿತ್ತು. ಎಲ್ಲರೂ ಬೆಂಚಿನ ಮೇಲೆ ಕೂತು ಮೆತ್ತನೆಯ ಅಡಿಯ ಕುಣಿತದ ಜೋಡು ಹಾಕಿಕೊಳ್ಳುತ್ತಿದ್ದರು. ಹೊರಗಿನ ಬೂಟು ಆ ಮೇಪಲ್ ಹಲಗೆಯ ನೆಲವನ್ನು ಮುಟ್ಟಿದರೆ ಆರ್ಡಿಸ್ ಯಾರ ಮರ್ಯಾದೆಯನ್ನೂ ಉಳಿಸುತ್ತಿರಲಿಲ್ಲ. ಮೂಲೆಯ ಮೇಜಿನ ಮೇಲೆ ಸೇಬಿನ ಪೈಗಳು ಬಂದು ಕೂತಿದ್ದವು.

ಆರ್ಡಿಸ್ ಸೀದಾ ವೇದಿಕೆ ಹತ್ತಿ, ಪಿಯಾನೊದ ಕೆಳಗೆ ಬಗ್ಗಿ ಕಾರ್ಪೆಟ್ ತುಂಡನ್ನು ಹಾಸಿದಳು.

“ಏನೇ ಇದು?” ಎಂದಳು ರೋವೀನಾ, ಮುಖದ ಹತ್ತಿರ ಮುಖ ತಂದು.

“ನಿನ್ನ ಕಾಲಿಗೆ. ಕುದುರೆ ಲಾಯದಲ್ಲಿ ನಿಂತ ಹಾಗಾಗತ್ತೆ ನಂಗೆ.”

“ಬೇಡ ಕಣೆ. ತಾಳ ತಪ್ಪತ್ತೆ.”

“ಯಾರ ತಾಳ? ಇಪ್ಪತ್ತೈದು ವರ್ಷ ತುಳಿಯದೇನೇ ನುಡಿಸ್ದೆಯಲ್ಲ, ಆಗ ತಪ್ತಿತ್ತಾ?”

ರೋವೀನಾ ಲೂಶಿಯನ್‌ನ ಕಡೆ ನೋಡಿದಳು. ಲೂಶಿಯನ್ ಪಿಟೀಲಿನ ಬಿರಡೆ ತಿರುಗಿಸುತ್ತಿದ್ದವನು ಕೈ ನಿಲ್ಲಿಸಿ ರೋವೀನಾಳ ಕಡೆ ನೋಡಿದ. ಆ ಎರಡು ನೋಟಗಳೂ ಆರ್ಡಿಸ್‌ಳ ಕಣ್ಣಿಗೆ ಬಿದ್ದವು.

“ಆರ್ಡಿಸ್, ಇವತ್ತೊಂದಿನ ಬಿಟ್ಬಿಡೆ. ಆಮೇಲೆ ಕೂತು ಮಾತಾಡೋಣ,” ಎಂದ ಲೂಶಿಯನ್.

“ಮಾತಾಡೋರು ನೀವು ನೀವೇ ಮಾತಾಡ್ಕೊಂಡಿದೀರಲ್ಲ, ಸಾಲ್ದಾ?” ಎಂದು ಹೇಳಿ ಅವಳು ಮೈಕಿನ ಹತ್ತಿರ ಹೋದಳು. “ಎಲ್ವಿನ್! ನೀನೂ ನಿನ್ನ ಹೆಂಡತೀನೂ ಇವತ್ತು ಸಾಲಿನ ಬಾಲಕ್ಕೆ ನಡೀರಿ. ಬೇರೆಯವರಿಗೂ ಮೇಲ್ಗಡೆ ಜಾಗ ಸಿಗ್ಲಿ.”

“ನಾನೇನ್ ತಪ್ಪು ಮಾಡ್ದೆ ತಾಯಿ?” ಎಂದ ಎಲ್ವಿನ್. ಎಂಬತ್ತರ ಮುದುಕ, ಸೊಂಟದ ಪಟ್ಟಿ ಸರಿಮಾಡಿಕೊಳ್ಳುತ್ತ.

“ಅದನ್ನ ನಿನ್ನ ಮನಸ್ಸಾಕ್ಷಿ ಕೇಳ್ಕೊ.”

ಜನ ನಕ್ಕರು. ಎಲ್ವಿನ್ ಮಾತ್ರ ನಗಲಿಲ್ಲ. ಹೆಂಡತಿಯ ಕೈ ಹಿಡಿದು ಬಾಲದ ಕಡೆ ಹೋಗುವಾಗ ಎರಡು ಸಲ ಹಿಂದಿರುಗಿ ನೋಡಿದ. ಬ್ರೈಡಿ ಸಾಲಿನ ನಡುವೆ ನಿಂತು ತುಟಿ ಕಚ್ಚಿಕೊಂಡಿದ್ದಳು.

ಮೊದಲ ಎರಡು ಕುಣಿತಗಳು ಹಳೆಯವು, ನಿದ್ದೆಯಲ್ಲೂ ಕುಣಿಯಬಹುದಾದಂಥವು. ಅಲ್ಲಲ್ಲಿ ತೊಡರಿದರೂ ನಡೆದವು. ಹೊಸಬರು ಇದ್ದಾರೆ, ಅದಕ್ಕೇ ಎಂದುಕೊಂಡಳು ಆರ್ಡಿಸ್. ನೋಡಿ, ಇವರ ಆಟ ನಿಲ್ಲಿಸಿದ ಮೇಲೆ ಎಲ್ಲ ನೆಟ್ಟಗೇ ಇದೆ! ಮೂರನೆಯದಕ್ಕೆ ಅವಳು ತಗಡಿನ ಪೆಟ್ಟಿಗೆಯಿಂದ ಹೊಸ ಚೀಟಿ ತೆಗೆದಳು.

ಸಂಗೀತವಿಲ್ಲದೆ ಒಂದು ಸಲ ನಡೆಸಿ ತೋರಿಸಿದಳು. ಓರೆಯಾಗಿ ಎಡಕ್ಕೆ ಹೋಗುವಲ್ಲಿ ಗೊಂದಲವಾಯಿತು. ಇನ್ನೊಂದು ಸಲ ನಡೆಸಿದಳು. “ತಲೆ ಕೆಡಿಸ್ಕೋಬೇಡಿ, ನಾನು ಹೇಳ್ತಾ ಹೋಗ್ತೀನಿ, ಕೇಳ್ತಾ ಹೋಗಿ,” ಎಂದು ವಾದ್ಯದವರಿಗೆ ಕೈಸನ್ನೆ ಮಾಡಿದಳು. ಲೂಶಿಯನ್ ಕಮಾನನ್ನು ನಾಲ್ಕು ಸಲ ಎಳೆದು ತಾಳ ಕೊಟ್ಟ. ರೋವೀನಾ ಶುರು ಮಾಡಿದಳು.

ಮೊದಲ ಕರೆ ಸರಿಯಾಗಿ ಬಿತ್ತು. ಎರಡನೆಯದೂ ಬಿತ್ತು. ಆಮೇಲೆ ಅವಳು ಮುಂದಿನ ತಿರುವಿಗಾಗಿ ಕಾದಳು. ಪಿಯಾನೊದ ಮಂದ್ರ ಸ್ವರಗಳು ಢಂ ಢಂ ಢಂ ಎಂದು ಒಂದೇ ಸಮ ಬರುತ್ತಿದ್ದವು. ಯಾವ ಢಂ ಮೊದಲನೆಯದು, ಯಾವುದು ಎಂಟನೆಯದು ಎನ್ನುವುದು ಮಾತ್ರ ತಿಳಿಯಲಿಲ್ಲ. ಚೀಟಿಯ ಮೇಲೆ ಕಣ್ಣಿಟ್ಟುಕೊಂಡೇ “ಓರೆಯಾಗಿ ಎಡಕ್ಕೆ!” ಎಂದಳು. ಆಗ ಜನ ಇನ್ನೂ ಗಿರಕಿಯ ನಡುವಿನಲ್ಲಿದ್ದರು. ಅರ್ಧ ಜನ ಬಿಟ್ಟು ಓಡಿದರು, ಅರ್ಧ ಜನ ಸುತ್ತುತ್ತಲೇ ಇದ್ದರು. ಯಾರದೋ ಮೊಣಕೈ ಯಾರದೋ ಕನ್ನಡಕಕ್ಕೆ ತಗುಲಿತು. “ತಿರುಗಿ ನಿಮ್ಮ ಜಾಗಕ್ಕೆ!” ಎಂದಳು. ಯಾವ ಜಾಗಕ್ಕೆ? ಮೂರು ಸಾಲುಗಳೂ ಕದಡಿಹೋಗಿದ್ದವು.

ಪಿಟೀಲು ನಿಂತಿತ್ತು. ಅದೇ ಕಾರಣ. ಬೇಕೆಂದೇ, ಅವಳನ್ನು ಎಲ್ಲರೆದುರು ಬೀಳಿಸಲಿಕ್ಕೆಂದೇ ಈ ಲೂಶಿಯನ್ ನಡುವಿನಲ್ಲಿ ಪಿಟೀಲು ನಿಲ್ಲಿಸಿದ್ದ. ಆರ್ಡಿಸ್‌ಳ ಮೈಯೆಲ್ಲ ಉರಿದುಹೋಯಿತು.

“ಲೂಶಿಯನ್!” ಎಂದಳು, ಮೈಕಿನಲ್ಲೇ, ಇಡೀ ಭವನಕ್ಕೆ ಕೇಳುವಂತೆ. “ಪಿಟೀಲು ಯಾಕೋ ನಿಲ್ಲಿಸ್ದೆ? ಸಾಕು ನಿನ್ನಾಟ. ನುಡಿಸೋ!”

ಹೇಳಿ ತಿರುಗಿದಳು.

ಮೂರು ಮೊಳ ದೂರದಲ್ಲಿ ಲೂಶಿಯನ್ ನುಡಿಸುತ್ತಿದ್ದ. ಮುಖ ಕೆಂಪಾಗಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು, ಕಮಾನಿನ ಎರಡು ಕೂದಲು ಕಿತ್ತು ಗಾಳಿಯಲ್ಲಿ ಹಾರಾಡುತ್ತಿದ್ದವು. ಮೈಯಲ್ಲಿರುವ ಬಲವನ್ನೆಲ್ಲ ಹಾಕಿ ಎಳೆಯುತ್ತಿದ್ದ. ಅವಳಿಗೆ ಕೇಳಿಸಿದ್ದು ಪಿಯಾನೊದ ಢಂ ಢಂ ಮತ್ತು ಜನರ ಕಾಲುಗಳ ಸದ್ದು ಮಾತ್ರ.

ಲೂಶಿಯನ್ ಅವಳ ಮುಖ ನೋಡಿ ಕಮಾನು ಇಳಿಸಿದ. ಪಿಯಾನೊ ನಿಂತದ್ದು ಅವಳ ಕಿವಿಗೆ ತಿಳಿಯಿತು. ಪಿಟೀಲು ನಿಂತದ್ದು ಕಣ್ಣಿಗೆ ಮಾತ್ರ ತಿಳಿಯಿತು.

ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಕುಣಿತ ಕೆಟ್ಟರೆ ಈ ಜನ ಯಾವಾಗಲೂ ನಗುತ್ತಾರೆ, ಮತ್ತೆ ಶುರು ಮಾಡುತ್ತಾರೆ. ಇವತ್ತು ಎಲ್ಲರೂ ನೆಲ ನೋಡುತ್ತಿದ್ದರು. ಇವರಲ್ಲಿ ಯಾರಿಗೂ ಆಶ್ಚರ್ಯವಾಗಿಲ್ಲ ಎನ್ನುವುದನ್ನು ಆರ್ಡಿಸ್ ನೋಡಿದಳು. ಅದೇ ಅವಳ ಎದೆಗೆ ಚೂರಿ ಹಾಕಿದ ಹಾಗಾಯಿತು.

“ಪೈ ತಿನ್ನೋಣ ಬನ್ರಪ್ಪ, ನಂಗೆ ಹಸಿವು!” ಎಂದು ಸಾಲಿನ ಬಾಲದಿಂದ ಎಲ್ವಿನ್ ಕೂಗಿದ. ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಮೂಲೆಯ ಮೇಜಿನ ಕಡೆ ಹೋದರು.

ಆರ್ಡಿಸ್ ಕೋಟುಗಳನ್ನು ನೇತುಹಾಕುವ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು ಒಂದು ಕಾಲಿಗೆ ರಬ್ಬರು ಬೂಟು ಏರಿಸಿಕೊಂಡಿದ್ದಳು. ಇನ್ನೊಂದು ಸಿಕ್ಕಿರಲಿಲ್ಲ. ರೋವೀನಾ ಕುಂಟುತ್ತ ಬಂದು ಎದುರಿಗೆ ನಿಂತಳು, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ.

“ಎಷ್ಟು ದಿನದಿಂದ?” ಎಂದಳು ಆರ್ಡಿಸ್.

“ಹೋದ್ವರ್ಷ ಫೆಬ್ರವರಿಯಿಂದ.”

“ಹದಿನಾಲ್ಕು ತಿಂಗಳು! ಊರಿಗೆಲ್ಲ ಗೊತ್ತು, ನಂಗೊಬ್ಳಿಗೆ ಗೊತ್ತಿಲ್ಲ. ಚೆನ್ನಾಗಿ ಗೊಂಬೆ ಆಡಿಸಿದ್ರಿ.”

“ಮೊದ್ಲು ನಿಂಗೆ ಗೊತ್ತಿದೆ, ಹೇಳ್ಕೊಳ್ತಿಲ್ಲ ಅಂದ್ಕೊಂಡ್ವಿ. ಆಮೇಲೆ ನೋಡಿದ್ರೆ ನಿಂಗೇ ಗೊತ್ತಿಲ್ಲ. ಯಾರು ಹೇಳ್ಬೇಕು ಹೇಳು? ನಿನ್ನ ಕೈಲಿ ಸಿಕ್ಕಿಬಿದ್ದ ಪಾದ್ರಿ ಇವತ್ತಿಗೂ ಆ ಟೀವಿ ಮನೆಯಲ್ಲೇ ಇಟ್ಕೊಂಡಿದಾನೆ, ಕಸಕ್ಕೆ ತರೋಕೆ ಧೈರ್ಯ ಇಲ್ದೆ.”

ಆರ್ಡಿಸ್ ನಗಲಿಲ್ಲ. ಒಳಜೇಬಿನಿಂದ ಹಾಳೆ ತೆಗೆದು ಬೆಂಚಿನ ಮೇಲೆ ಕುಕ್ಕಿದಳು. “ಹೇಳೋಕೆ ಧೈರ್ಯ ಇಲ್ಲ. ಬರಿಯೋಕೆ ಇತ್ತು.”

ರೋವೀನಾ ಹಾಳೆ ಬಿಚ್ಚಿ ನೋಡಿದಳು. “ಕಸದಿಂದ ಎತ್ಕೊಂಡ್ಯಾ? ಥೂ ನಿನ್ನ! ಇದು ನಿನ್ನ ಪಟ್ಟಿ ಅಲ್ಲ ಕಣೇ, ನನ್ನ ಕಾಲಿಂದು. ಎಂಟು ಹೆಜ್ಜೆಗೊಂದ್ಸಲ ತುಳೀತೀನಲ್ಲ, ನಿನ್ನ ಕಾಲಿಗೆ ಹಲಗೆ ಅದುರಿ, ನೀನು ಕರೆ ಹೇಳ್ತೀಯ. ನಾನೆಲ್ಲಿ ತುಳಿಯೋದು ಮರೆತ್ನೋ ಅಲ್ಲೆಲ್ಲ ನೀನು ತಡ. ಮುಂದಿನ್ಸಲ ಮರೀಬಾರ್ದು ಅಂತ ಬರ್ಕೊಂಡೆ.”

ಆರ್ಡಿಸ್ ಹಾಳೆಯನ್ನು ಮತ್ತೆ ನೋಡಿದಳು. ಎರಡನೇದು, ತಡ. ಆರನೇದು, ಎರಡು ಸಲ ತಡ. ಲೂಶಿಯನ್‌ನ ಕುಲುಕುವ ಭುಜ, ಎಲ್ವಿನ್‌ನ ಅವಸರದ ಹೆಜ್ಜೆ, ಮುಖದ ಹತ್ತಿರ ಬರುವ ಈ ಮುಖ, ಕಿವಿಗೆ ಕೇಳದ್ದನ್ನು ಅವಳಿಗೆ ಕಾಣಿಸಲೆಂದೇ ಇದ್ದ ಇವೆಲ್ಲವೂ ಒಂದೊಂದಾಗಿ ಕಣ್ಣ ಮುಂದೆ ಬಂದವು. ಆದರೂ ಅವಳು ಸುಲಭಕ್ಕೆ ಬಿಡುವವಳಲ್ಲ.

“ಮತ್ತೆ ಈ ನಂಬರು?”

ರೋವೀನಾ ಬಾಯಿ ತೆರೆಯುವ ಮುಂಚೆ ಬಾಗಿಲಲ್ಲಿ ಬ್ರೈಡಿ ಕಾಣಿಸಿಕೊಂಡಳು, ಕೈಯಲ್ಲಿ ಪೈ ತಟ್ಟೆ. “ಅದು ನಂದು,” ಎಂದಳು. ಆಮೇಲೆ ಹತ್ತಿರ ಬಂದು, ಬಿಡಿಸಿ ಬಿಡಿಸಿ ಹೇಳಿದಳು. “ಸುಳ್ಳು ಹೇಳಲ್ಲ ಆರ್ಡಿಸ್. ಜನವರಿಯಲ್ಲಿ ನಾನೇ ರೋವೀನಾನ ಕೇಳ್ದೆ. ನಿಮ್ಮ ಜಾಗ ಖಾಲಿಯಾದ್ರೆ ನಂಗೆ ಕೊಡಿ ಅಂತ.”

“ನೋಡ್ದ್ಯಾ!” ಎಂದಳು ಆರ್ಡಿಸ್, ರೋವೀನಾಳ ಕಡೆ ತಿರುಗಿ. ಅವಳ ದನಿಯಲ್ಲಿ ಗೆದ್ದವಳ ಹುರುಪಿತ್ತು. “ನಂಗ್ಗೊತ್ತಿತ್ತು. ಗೊತ್ತಿತ್ತು ನಂಗೆ.”

“ಇವ್ರೇನಂದ್ರು ಅಂತಾನೂ ಕೇಳಿ. ‘ನನ್ನ ಮಂಡಿ ನೆಟ್ಟಗಿರೋವರೆಗೂ ಆ ಜಾಗ ಖಾಲಿ ಆಗಲ್ಲ ಹುಡ್ಗಿ, ನಡಿ’ ಅಂದ್ರು,” ಎಂದಳು ಬ್ರೈಡಿ.

“ಆಮೇಲೆ ಮಂಡಿ ಕೈಕೊಡ್ತು,” ಎಂದಳು ರೋವೀನಾ ಬೆಂಚಿನ ತುದಿಯಲ್ಲಿ ಕೂರುತ್ತ. “ಹದಿನಾಲ್ಕು ತಿಂಗಳು ಹಲಗೆ ತುಳಿದ್ರೆ ಯಾರ ಮಂಡಿ ಉಳಿಯತ್ತೆ? ಜೂನ್‌ನಲ್ಲಿ ಆಪರೇಶನ್ನು. ಎರಡು ತಿಂಗಳು ನಾನು ಪಿಯಾನೊ ಮುಂದೆ ಕೂರೋ ಹಾಗಿಲ್ಲ. ಇವಳಿಗೆ ಪಿಯಾನೊ ಬರತ್ತೆ. ನಿಂಗೆ ಗೊತ್ತಾಗ್ದೆ ತುಳಿಯೋಕೆ ಒಂದು ಕಾಲು ಬೇಕಿತ್ತಲ್ಲ, ಅದಕ್ಕೇ ನಂಬರ್ ತಗೊಂಡೆ.”

ಮೋಸ ಮಾಡಿದ್ದರೆ ಒಂದು ಥರ ಸುಲಭವಿತ್ತು. ಬಾಯಿಗೆ ಬಂದ ಹಾಗೆ ಬೈದು ಮನೆಗೆ ಹೋಗಬಹುದಿತ್ತು. ಇದಕ್ಕೆ ಏನು ಮಾಡುವುದು? ಅವಳಿಗೆ ಕೋಪ ಬಂದಿತ್ತು, ನಾಚಿಕೆಯಾಗಿತ್ತು, ಇವರ ಮೇಲೆ ಪ್ರೀತಿ ಉಕ್ಕಿ ಬಂದು ಅದರ ಮೇಲೆಯೇ ಮತ್ತೆ ಕೋಪ ಬರುತ್ತಿತ್ತು. ಕುಂಟು ನಟಿಸುತ್ತಾಳೆ ಎಂದುಕೊಂಡಿದ್ದ ಕಾಲು ಪಕ್ಕದಲ್ಲೇ ಇತ್ತು. ಆ ಜೋಡಿನ ಹಿಮ್ಮಡಿ ಒಂದು ಕಡೆ ಪೂರಾ ಸವೆದು ಓರೆಯಾಗಿತ್ತು.

“ನಂಗೆ ಹೇಳ್ಬೇಕಿತ್ತು ಕಣೇ,” ಎಂದಳು ಆರ್ಡಿಸ್. “ಏನೇ ಆದ್ರೂ ಹೇಳ್ಬೇಕಿತ್ತು.”

“ಹೇಳ್ಬೇಕಿತ್ತು,” ಎಂದಳು ರೋವೀನಾ.

ಆರ್ಡಿಸ್ ಏರಿಸಿಕೊಂಡಿದ್ದ ಒಂದು ಬೂಟನ್ನು ಕಿತ್ತು ರಾಶಿಗೆ ಎಸೆದಳು. ಇನ್ನೊಂದು ಕಾಲಿನ ಕುಣಿತದ ಜೋಡನ್ನೂ ಬಿಚ್ಚಿದಳು. ಉಣ್ಣೆಯ ಕಾಲುಚೀಲದಲ್ಲೇ ಭವನದ ಉದ್ದಕ್ಕೂ ನಡೆದು, ಪೈ ತಿನ್ನುವವರನ್ನು ದಾಟಿ ವೇದಿಕೆ ಹತ್ತಿದಳು. ಪಿಯಾನೊದ ಕೆಳಗೆ ಬಗ್ಗಿ ಹಸಿರು ಕಾರ್ಪೆಟ್ ತುಂಡನ್ನು ಎಳೆದು ತೆಗೆದು, ಹಿಂದೆಯೇ ಬಂದಿದ್ದ ಬ್ರೈಡಿಯ ಕೈಗೆ ಕೊಟ್ಟಳು.

“ನನ್ನ ಟ್ರಕ್ಕಿಗೆ ಹಾಕಿ ಬಾ. ಬುಧವಾರ ಅದು ಎಲ್ಲಿಂದ ಬಂತೋ ಅಲ್ಲಿಗೇ ಹೋಗತ್ತೆ.”

ಆಮೇಲೆ ಮೈಕ್ ಹಿಡಿದಳು.

“ಎಲ್ಲಾರಿಗೂ ಗೊತ್ತಿತ್ತಂತೆ, ಇವತ್ತು ನಂಗೂ ಗೊತ್ತಾಯ್ತು,” ಎಂದಳು. “ಪಿಟೀಲು ನಂಗೆ ಕೇಳಿಸಲ್ಲ. ಲೂಶಿಯನ್, ಎಲ್ಲರ ಮುಂದೆ ಬೈದೆ, ತಪ್ಪಾಯ್ತು. ಎಲ್ವಿನ್, ನಿನ್ನ ಜಾಗಕ್ಕೆ ಬಾ. ಹೆಂಡತೀನೂ ಕರ್ಕೊಂಡು ಬಾ.”

ಎಲ್ವಿನ್ ಬಾಯಲ್ಲಿದ್ದ ಪೈಯನ್ನು ನುಂಗಿ ಓಡಿ ಬಂದ. ಸಾಲುಗಳು ನಿಂತವು. ರೋವೀನಾ ಪಿಯಾನೊ ಮುಂದೆ ಕೂತು ಕಾಲನ್ನು ಹಲಗೆಗೆ ಇಟ್ಟಳು. ಆರ್ಡಿಸ್ ಬೇಡವೆಂದು ತಲೆಯಾಡಿಸಿದಳು.

“ನಿನ್ನ ಮಂಡಿಗೆ ಇವತ್ತು ರಜಾ.” ಆಮೇಲೆ ಸಾಲುಗಳ ಕಡೆ ತಿರುಗಿದಳು. “ಎಂಟು ಹೆಜ್ಜೆಗೊಂದ್ಸಲ, ಮೊದಲ್ನೇ ಹೆಜ್ಜೆ, ಎಲ್ಲಾರೂ ಒಟ್ಟಿಗೆ ತುಳೀಬೇಕು. ಕದ್ದು ಮುಚ್ಚಿ ಬೇಡ. ನಂಗೆ ಗೊತ್ತಾಗೋ ಹಾಗೆ ತುಳೀರಿ.”

ಲೂಶಿಯನ್ ಕಮಾನು ಎತ್ತಿದ. ಅವಳಿಗೆ ಏನೂ ಕೇಳಲಿಲ್ಲ. ಆಮೇಲೆ ಅರವತ್ತು ಜನರ ಕಾಲುಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಮೇಪಲ್ ಹಲಗೆಯಿಂದ ವೇದಿಕೆಗೆ, ವೇದಿಕೆಯಿಂದ ಕಾಲುಚೀಲಕ್ಕೆ, ಅಲ್ಲಿಂದ ಮಂಡಿಯವರೆಗೂ ಆ ಅದುರು ಏರಿ ಬಂತು. ಆರ್ಡಿಸ್ ಮನಸ್ಸಿನಲ್ಲೇ ಎಣಿಸಿ, ಆರನೇ ಎಣಿಕೆಗೆ ಬಾಯಿ ತೆರೆದಳು. “ಎದುರಿನವರ ಜೊತೆ ಗಿರಕಿ!” ಮುಂದಿನ ತುಳಿತಕ್ಕೆ ಸರಿಯಾಗಿ ಸಾಲಿಗೆ ಸಾಲೇ ಗಿರಗಿರನೆ ತಿರುಗಿತು. ರೋವೀನಾ ಪಿಯಾನೊದ ಮೇಲೆ ಬಗ್ಗಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು, ಒಂದು ಕೈಯಲ್ಲಿ ನುಡಿಸುತ್ತಾ.

ಟ್ರಕ್ಕಿನಿಂದ ವಾಪಸ್ಸು ಬಂದ ಬ್ರೈಡಿ ಬಾಲದಲ್ಲಿ ಸೇರಿಕೊಂಡವಳು ಒಂದೊಂದೇ ಜಾಗ ಸರಿಯುತ್ತ ಸಾಲಿನ ತಲೆಗೆ ಬಂದಳು. ವೇದಿಕೆಯ ಬುಡದಲ್ಲಿ ಅವಳು ತಲೆಯೆತ್ತಿ ನಕ್ಕಳು. ಆರ್ಡಿಸ್ ತಿರುಗಿ ನಗಲಿಲ್ಲ. ಜೂನ್ ತಿಂಗಳು ದೂರವಿರಲಿಲ್ಲ. ಅವಳು ಆ ಹುಡುಗಿಯ ಬಲಗಾಲನ್ನೇ ನೋಡುತ್ತಿದ್ದಳು, ಹೊತ್ತಿಗೆ ಸರಿಯಾಗಿ ತುಳಿಯುತ್ತಾಳೋ ಇಲ್ಲವೋ ಎಂದು.